ನೀರು ಕುಡಿದ ಪಿಟೀಲು

ಅಪ್ಪ ಮಾಡಿದ ಕೊನೆಯ ಪಿಟೀಲು ಆ ಚಳಿಗಾಲದಲ್ಲಿ ಬಿರಿಯಿತು. ಹೀಟರಿನ ಒಣ ಗಾಳಿಗೆ ಮೇಲಿನ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದು, ತಂಗಿ ಕಮಾನು ಎಳೆದಾಗಲೆಲ್ಲ ಕರಕರ ಎನ್ನುತ್ತಿತ್ತು. ಪಿಟೀಲು ರಿಪೇರಿಯೇ ನನ್ನ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಊರವರ ವಾದ್ಯಗಳ ಹೊಟ್ಟೆ ಬಗೆದಿದ್ದೇನೆ. ಹಲಗೆ ಬಿಚ್ಚಿ ಒಳಗಿನಿಂದ ಬೆಸೆಯಬೇಕು, ಬೇರೆ ದಾರಿಯಿಲ್ಲ ಎಂದೆ. ಹೇಳುವುದು ಸುಲಭ. ಒಂದು ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ ಎಂದು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಚಾಕು ಒಂದಿಷ್ಟು ಜಾರಿದರೂ ಅಪ್ಪನ ಪಿಟೀಲು ಸೌದೆ.

“ಅಣ್ಣಾ, ಒಂದು ವಾರ ತಡಿ,” ಎಂದು ತಂಗಿ ಗಾಳಿಗೆ ತೇವ ಬಿಡುವ ಹ್ಯೂಮಿಡಿಫೈಯರ್ ಒಂದನ್ನು ತಂದಿಟ್ಟಳು. “ಮರಕ್ಕೆ ಬಾಯಾರಿಕೆ ಆಗಿದೆ, ಅಷ್ಟೇ.”

“ಕಡಿದು ಅರವತ್ತು ವರ್ಷ ಆದ ಮರಕ್ಕೆ ಬಾಯಾರಿಕೆಯಂತೆ! ತಲೆ ನೆಟ್ಟಗಿದೆಯಾ ನಿಂಗೆ?”

ಬೈದೆನಾದರೂ, ಒಂದು ವಾರ ಸಿಕ್ಕಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು.

ಆ ಯಂತ್ರ ನನ್ನ ಪ್ರಾಣ ತಿಂದಿತು. ಅದರ ಟ್ಯಾಂಕು ನಲ್ಲಿಯ ಕೆಳಗೆ ಹಿಡಿಸುವುದಿಲ್ಲ. ಓರೆ ಮಾಡಿ ತುಂಬಿಸಿ ತಿರುಗಿಸುವಷ್ಟರಲ್ಲಿ ಅಂಗಿಯ ತೋಳೆಲ್ಲ ನೀರು. ಗಳಿಗೆಗೊಮ್ಮೆ ಗುಳುಗುಳು ಎನ್ನುತ್ತದೆ. ಕೆಂಪು ದೀಪ ಹತ್ತಿತೆಂದರೆ ಮುನಿಸಿಕೊಂಡು ಕೂತುಬಿಡುತ್ತದೆ. ಎರಡನೆಯ ದಿನ ಟ್ಯಾಂಕಿನ ತಳದಲ್ಲಿ ಲೋಳೆ, ಮೇಜಿನ ಕೆಳಗೆ ಕೆರೆ. ಮೂರನೆಯ ದಿನ ಪಿಟೀಲಿನ ಮೇಲೆ ಬಿಳಿ ಪುಡಿ ಕೂತಿತ್ತು. ಕಮಾನಿಗೆ ಉಜ್ಜುವ ರಾಳ ಉದುರಿದೆ ಎಂದುಕೊಂಡು ತಂಗಿಯ ಮೇಲೆ ಹರಿಹಾಯ್ದೆ.

“ನುಡಿಸಿದ ಮೇಲೆ ಒರೆಸಿಡೋಕೆ ಏನು ದಾಡಿ?”

“ನಾನು ನುಡಿಸೇ ಇಲ್ವಲ್ಲ ಅಣ್ಣಾ. ಗೋಡೆ ಗಡಿಯಾರದ ಮೇಲೂ ಕೂತಿದೆ ನೋಡು. ಅದನ್ನೂ ನಾನೇ ನುಡಿಸಿದ್ನಾ?”

ಬೆರಳಿನಲ್ಲಿ ಮುಟ್ಟಿ ನೋಡಿದೆ. ರಾಳದಂತೆ ಜಿಗುಟಿರಲಿಲ್ಲ. ನಮ್ಮ ನಲ್ಲಿಯ ಗಡಸು ನೀರಿನ ಉಪ್ಪು ಆ ಯಂತ್ರ ಉಗುಳುವ ಮಂಜಿನೊಡನೆ ಹಾರಿ ಬಂದು ಕೂತಿತ್ತು. ಮೂವತ್ತು ವರ್ಷದ ಕಸುಬುದಾರನಿಗೆ ಇಷ್ಟೂ ತಿಳಿಯಲಿಲ್ಲ! ಟ್ಯಾಂಕನ್ನು ತಿಕ್ಕಿ ತೊಳೆದು, ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದು ಸುರಿದೆ. ಗೊಣಗುತ್ತಲೇ ಸುರಿದೆ.

ಏಳನೆಯ ದಿನ ಬೆಳಿಗ್ಗೆ ಚಾಕು ಮಸೆದಿಟ್ಟು, ಪಿಟೀಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸೀಳು ಕಾಣಲಿಲ್ಲ. ಕನ್ನಡಕ ಒರೆಸಿಕೊಂಡೆ. ಉಗುರಿನಲ್ಲಿ ಸವರಿದೆ, ಉಗುರಿಗೂ ಸಿಗಲಿಲ್ಲ. ಯಾರೂ ಒತ್ತದೆ, ಬಿಗಿಯದೆ, ಮರದ ಎರಡು ಅಂಚುಗಳು ತಾವಾಗಿಯೇ ಬಂದು ಕೂಡಿದ್ದವು. ಅಪ್ಪ ಹುಟ್ಟುವ ಮೊದಲೇ ಚಿಗುರಿದ್ದ ಮರ, ಅಪ್ಪ ಹೋದ ಮೇಲೂ, ಗಾಳಿಯಲ್ಲಿ ನೀರಿದೆಯೆಂದು ಅರಿತು ಕುಡಿಯುತ್ತಿದೆ. ಇಷ್ಟು ವರ್ಷ ನಾನು ಕೊಯ್ದದ್ದು, ಉಜ್ಜಿದ್ದು ಇಂಥದ್ದನ್ನು ಎಂದು ನನಗೆ ಗೊತ್ತೇ ಇರಲಿಲ್ಲ. ಕೆಲಸಕ್ಕೆ ಮೊದಲ ದಿನ ಬಂದವನ ಹಾಗೆ ಬೆರಗಾಗಿ ನಿಂತೆ.

ತಂಗಿ ಕಮಾನು ಎಳೆದಳು. ಕರಕರ ಇರಲಿಲ್ಲ. ಅಪ್ಪ ಕೇಳುತ್ತಿದ್ದ ಆ ತುಂಬು ನಾದ ಕೋಣೆಯಲ್ಲೆಲ್ಲ ಹರಡಿತು.

“ಇನ್ನೂ ಬಿಚ್ಚಬೇಕಾ ಅಣ್ಣಾ?”

“ಬೇಡ. ಮತ್ತೆ ಒಣಗಿ ಬಾಯಿ ಬಿಡೋದಕ್ಕೆ ಮುಂಚೆ ಹೊರಗಿನಿಂದಲೇ ತೆಳ್ಳಗೆ ಅಂಟು ಹಚ್ಚಿದ್ರೆ ಸಾಕು.”

ಅಂಟಿನ ಕುಂಚ ಎತ್ತಿಕೊಂಡೆ. ಅದರ ತುದಿ ನಡುಗಿತು. ಅವಳು ನೋಡಿದಳು. ಕೈಯನ್ನು ಮರೆಮಾಡಲು ಮನಸ್ಸಾಗಲಿಲ್ಲ. ಕುಂಚವನ್ನು ಅವಳ ಮುಂದೆ ಹಿಡಿದೆ.

“ನೀನು ಹಚ್ಚು. ನಾನು ಹೇಳಿಕೊಡ್ತೀನಿ.”