ಹಂಚಿನ ಮೇಲೆ ಬಿದ್ದ ಹೊಳಪು

ನಾನು ಪಿಂಗಾಣಿಯ ಹಲ್ಲಿನ ಸೆಟ್ಟು. ಕುಲುಮೆಯಲ್ಲಿ ಬೇಯುವ ಮೊದಲೇ ನನ್ನ ಮಣ್ಣಿಗೆ ಚಿಟಿಕೆಗಿಂತ ಕಡಿಮೆ ಯುರೇನಿಯಂ ಬೆರೆಸಿದ್ದರು. ಕಟ್ಟಿಸಿದ ಹಲ್ಲು ಕೆಲವು ದೀಪಗಳಡಿ ಕಪ್ಪಗೆ ಕಾಣುತ್ತದಂತೆ. ಯುರೇನಿಯಂ ಇದ್ದರೆ ನಿಜವಾದ ಹಲ್ಲಿನಂತೆ ಹೊಳೆಯುತ್ತದಂತೆ. ಆಗ ಅದು ನನಗೆ ಹೆಮ್ಮೆಯ ಮಾತು.

ಗದಗಿನ ನಾಟಕ ಕಂಪನಿಯ ನಟಿ ನೀಲಗಂಗವ್ವನ ಬಾಯಿ ಸೇರಿದೆ. ಬೆಳದಿಂಗಳ ದೃಶ್ಯಕ್ಕೆ ನೀಲಿ ದೀಪ ಹಾಕಿದಾಗ ಅವಳು ನಕ್ಕರೆ ಜನ ಶಿಳ್ಳೆ ಹೊಡೆಯುತ್ತಿದ್ದರು. ಅರ್ಧ ಶಿಳ್ಳೆ ನನ್ನದೇ ಎಂದು ಬೀಗುತ್ತಿದ್ದೆ.

ಕಂಪನಿ ಮುಚ್ಚಿತು, ನೀಲಗಂಗವ್ವ ಅಜ್ಜಿಯಾದಳು. ಮೊಮ್ಮಗಳು ಪಾರಿಗೆ ರೊಟ್ಟಿಯನ್ನು ತಾನೇ ಅಗಿದು, ಮೆತ್ತಗೆ ಮಾಡಿ ಉಣಿಸುತ್ತಿದ್ದಳು. ಒಂದು ದಿನ ಮಗ ಈರಣ್ಣ ಪೇಪರು ಹಿಡಿದು ಬಂದ.

"ಅವ್ವಾ, ಹಳೇ ಪಿಂಗಾಣಿ ಹಲ್ಲಿನಾಗ ವಿಕಿರಣ ಸೂಸೋ ಯುರೇನಿಯಂ ಇರತದಂತ!"

ಅಗಿಯುತ್ತಿದ್ದ ತುತ್ತು ಅಲ್ಲೇ ನಿಂತಿತು.

ಹಲ್ಲಿನ ಡಾಕ್ಟರು ಸಮಾಧಾನ ಹೇಳಿದರು. "ಇರೂದು ಭಾಳ ಕಡಿಮಿರಿ. ಕೂಸಿಗೆ ಏನೂ ಆಗೂದಿಲ್ಲ."

"ಕಡಿಮಿ ಆದ್ರೂ ಯಾಕ ಹಾಕಿದ್ರಿ?"

"ಹೊಳಪಿಗೆ. ಈಗ ಹಾಕೂದಿಲ್ಲ."

"ಬರೇ ಹೊಳಪಿಗಾ!" ಎಂದವಳು ತುಟಿ ಬಿಗಿದುಕೊಂಡು ಮನೆಯ ಹಾದಿ ಹಿಡಿದಳು. ಒಳಗಿನ ಕತ್ತಲಲ್ಲಿ ನಾನು ಚಡಪಡಿಸಿದೆ. ಇಷ್ಟು ದಿನ ಕೂಸಿಗೆ ರೊಟ್ಟಿ ಕೊಟ್ಟೆನೋ, ವಿಷ ಕೊಟ್ಟೆನೋ?

ಕಸಕ್ಕೆ ಹಾಕಿದರೆ ಯಾರ ಕೂಸಿನ ಕೈಗೆ ಸಿಕ್ಕೀತೋ ಎಂದು ಅಜ್ಜಿಗೆ ಭಯ. ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಮಾಡಿನ ಹಂಚಿನ ಮೇಲೆ ಎಸೆಯುವುದು ವಾಡಿಕೆ, ಒಳ್ಳೆಯ ಹಲ್ಲು ಬರಲೆಂದು. ನನ್ನನ್ನೂ ಹಾಗೇ ಎಸೆದಳು.

"ಅತ್ತಿ, ಈ ವಯಸ್ಸಿನಾಗ ಯಾವ ಹಲ್ಲು ಬರತಾವ್ರಿ?" ಎಂದು ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ.

ಅಗಿಯಲು ಏನೂ ಸಿಗದೆ, ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ನನ್ನ ಪಾಲಿಗೆ ಹೀಗೆ ನಿಜವಾಯಿತು. ಬಿಸಿಲು ಮಳೆಗಿಂತ ಕೆಳಗಿನ ಸದ್ದೇ ನನ್ನನ್ನು ಸುಟ್ಟಿತು. ಪಾರಿ ಕೆಮ್ಮಿದರೆ ಬೆಚ್ಚುತ್ತಿದ್ದೆ. ಅಜ್ಜಿಯೂ ಬೆಚ್ಚಿ, "ಇಲ್ಲಿ ಬಾ, ಬಾಯಿ ತೆಗಿ" ಎಂದು ಬೊಚ್ಚುಬಾಯಲ್ಲೇ ಕೂಗುತ್ತಿದ್ದಳು. ವರ್ಷಗಳು ಹೀಗೇ ಕಳೆದವು.

ಇವತ್ತು ಬೆಳಿಗ್ಗೆ ಸಗಣಿಯುಂಡೆಯೊಂದು ಟಪ್ಪೆಂದು ನನ್ನ ಪಕ್ಕ ಬಿತ್ತು. ಒಳಗಿಂದ ಅಕ್ಕಿಕಾಳಿನಂಥ ಹಾಲುಹಲ್ಲು ಇಣುಕಿತು.

"ಅಜ್ಜಿ, ಈಗ ನಾನೂ ನಿನ್ನಂಗ ಬೊಚ್ಚುಬಾಯಿ!" ಪಾರಿ ಅಂಗಳದಲ್ಲಿ ಕುಣಿಯುತ್ತಿದ್ದಳು.

ಅಜ್ಜಿ ನಕ್ಕಳು. ನೀಲಿ ದೀಪದಡಿಯೂ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಾನಿಲ್ಲದ ಬಾಯಿಯ ನಗು ಅದು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು; ಆದರೆ ಜೀವ ತಣ್ಣಗಾಯಿತು.