ಹಸಿ ಮೀನು ತಿನ್ನದ ಊರು

ನೋಂಗ್‌ವಾ ಊರಿನಲ್ಲಿ ಹಸಿ ಮೀನು ತಿನ್ನುವವರು ಸೊನ್ನೆ. ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಹಾಗೆ ಬರೆದಿತ್ತು. ಥೊಂಗ್‌ಪಾನ್ ಅದನ್ನು ಮೂರು ಸಲ ಓದಿದ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ಸೊನ್ನೆ ಓದುವುದಕ್ಕೆ ಅಷ್ಟು ಸಾಕು. ಪಕ್ಕದ ಊರಿನ ಮುಂದೆ ನೂರಕ್ಕೆ ಮೂವತ್ತೊಂದು, ಹೊಳೆಯಾಚೆಯ ಊರಿಗೆ ಇಪ್ಪತ್ತೆರಡು. ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು: ನೂರಕ್ಕೆ ಹತ್ತು ಜನರೂ ಇಲ್ಲದ ಊರಿಗೆ ಈ ವರ್ಷ ಹೊಟ್ಟೆ ಸ್ಕ್ಯಾನಿಂಗ್ ಮಾಡುವ ವ್ಯಾನ್ ಇಲ್ಲ.

ಹೋದ ತಿಂಗಳಷ್ಟೇ ಅವನು ಆರೋಗ್ಯ ಸ್ವಯಂಸೇವಕರ ಅಂಗಿ ಹಾಕಿಕೊಂಡು ತನ್ನ ಪಾಲಿನ ಹದಿನೈದು ಮನೆ ಸುತ್ತಿದ್ದ. ಎಷ್ಟು ಸಿಗರೇಟು, ಎಷ್ಟು ಸಾರಾಯಿ, ಹಸಿ ಮೀನು ಉಂಟೋ ಇಲ್ಲವೋ ಎಂದು ಕೇಳಿ ಬರೆದುಕೊಂಡಿದ್ದ. ಹನ್ನೊಂದು ಮನೆಯಲ್ಲಿ ಉಂಟು. ಅದರಲ್ಲೂ ಮೂರು ಮನೆಯವರು ಉತ್ತರ ಕೊಟ್ಟದ್ದೇ ಕೋಯ್ ತುಂಬಿಕೊಂಡ ಬಾಯಲ್ಲಿ. ಹಸಿ ಹೊಳೆಮೀನು ಕೊಚ್ಚಿ, ನಿಂಬೆ ಹಿಂಡಿ, ಮೆಣಸಿನಪುಡಿ, ಹುರಿದಕ್ಕಿ ಪುಡಿ, ಪುದೀನ ಕಲೆಸಿದರೆ ಕೋಯ್. ಆ ಮೀನಿನೊಳಗೆ ಕಣ್ಣಿಗೆ ಕಾಣದ ಹುಳವಿರುತ್ತದೆ. ಅದು ತಿಂದವನ ಪಿತ್ತನಾಳ ಸೇರಿ ಇಪ್ಪತ್ತು ವರ್ಷ ಸಂಸಾರ ಮಾಡಿ ಕೊನೆಗೆ ಕ್ಯಾನ್ಸರ್ ಹೆರುತ್ತದೆ. ಥೊಂಗ್‌ಪಾನ್‌ನ ಅಪ್ಪ ಹೋದ ಮಳೆಗಾಲದಲ್ಲಿ ಸತ್ತದ್ದು ಹಾಗೆಯೇ, ಅರಿಶಿನದ ಕೊಂಬಿನಂತೆ ಹಳದಿಯಾಗಿ.

ಈಗ ಅಣ್ಣ ಸೀಲಾ ಒಂದು ತಿಂಗಳಿಂದ ಅಪ್ಪನಂತೆಯೇ ಮೈ ಕೆರೆದುಕೊಳ್ಳುತ್ತಿದ್ದ. ಆಸ್ಪತ್ರೆ ಎಂದರೆ ಕೋಲು ತೆಗೆದುಕೊಳ್ಳುತ್ತಿದ್ದ. ಹೊಟ್ಟೆ ಕೊಯ್ದರೆ ಗಾಳಿ ಒಳಹೊಕ್ಕು ಮನುಷ್ಯ ಬೇಗ ಸಾಯುತ್ತಾನೆ ಎಂದು ಊರಿಗೆ ಊರೇ ನಂಬಿತ್ತು. ಜಗಳವಾಡಿ ಜಗಳವಾಡಿ ಥೊಂಗ್‌ಪಾನ್ ಅವನ ಬಾಯಿಂದ ಒಂದೇ ಒಂದು ಮಾತು ಹೊರಡಿಸಿದ್ದ: "ವ್ಯಾನ್ ಊರಿಗೇ ಬಂದ್ರೆ ಎಲ್ರ ಜೊತೆ ನಾನೂ ಮಲಗ್ತೀನಿ ಹೋಗು."

ಪಟ್ಟಿಯನ್ನು ಗೋಡೆಯಿಂದ ಕಿತ್ತು ಅವನು ಒಳಗೆ ನುಗ್ಗಿದ. ಜಿಂತನಾ ಕೇಂದ್ರದ ನರ್ಸು. ಬಿಳಿ ಕೋಟು ಹಾಕಿದವರನ್ನೆಲ್ಲ ಊರಿನವರು ಡಾಕ್ಟ್ರು ಅನ್ನುತ್ತಿದ್ದರು.

"ಡಾಕ್ಟ್ರೇ, ಇದು ಸುಳ್ಳು. ನಾನು ಬರೆದಿದ್ದೇ ಬೇರೆ."

"ಬಾಯಲ್ಲಿ ಹೇಳಿದ್ದನ್ನ ಜಿಲ್ಲೆಯವರು ಲೆಕ್ಕಕ್ಕೆ ತಗೊಳಲ್ಲಪ್ಪ. ನಿಮ್ಮೂರಿಂದ ತೊಂಬತ್ತು ಡಬ್ಬಿ ಮಲ ಬಂತು. ತೊಂಬತ್ತನ್ನೂ ನಾನೇ ಮೈಕ್ರೋಸ್ಕೋಪಲ್ಲಿ ನೋಡಿದ್ದು. ಒಂದರಲ್ಲೂ ಹುಳದ ಮೊಟ್ಟೆ ಇಲ್ಲ. ನನಗೆಷ್ಟು ಖುಷಿ ಆಯ್ತು ಗೊತ್ತಾ? ಗುರುವಾರ ಜಿಲ್ಲೆಯಿಂದ ಬಂದು ಬೋರ್ಡ್ ಹಾಕ್ತಾರೆ, ಹಸಿ ಮೀನು ತಿನ್ನದ ಊರು ಅಂತ."

"ಖುಷಿ ಆಯ್ತಾ ನಿಮಗೆ? ತೊಂಬತ್ತು ಜನದ್ದೂ ಒಂದೇ ಥರ ಇರೋದನ್ನ ನೋಡಿ ಖುಷಿ ಆಯ್ತಾ?"

ಜಿಂತನಾ ಮೈಕ್ರೋಸ್ಕೋಪಿನ ಕಡೆ ತಿರುಗಿದಳು. "ಎಲ್ಲದರಲ್ಲೂ ಸೀಬೆ ಬೀಜ ಇತ್ತು," ಅಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ಆ ಕಾಲದಲ್ಲಿ ಊರಿನಲ್ಲಿ ಸೀಬೆ ಬಿಟ್ಟಿದ್ದ ಮರ ಒಂದೇ. ಅದು ದೇವಾಲಯದ ಹಿಂದೆ ಬಿಳಿ ಬಟ್ಟೆ ಉಟ್ಟು ವ್ರತ ಹಿಡಿದು ಕೂತ ಲೂನ್ ಅಜ್ಜಿಯದು. ಅಜ್ಜಿ ಹನ್ನೆರಡು ವರ್ಷದಿಂದ ಮೀನು ಮಾಂಸ ಮುಟ್ಟಿರಲಿಲ್ಲ. ಥೊಂಗ್‌ಪಾನ್ ಕೇಳಿದ್ದೇ ತಡ, ಅಜ್ಜಿ ಶುರುಮಾಡಿದಳು.

"ನಾಲ್ಕು ದಿನ ಕಣೋ ಮಗಾ! ಬೆಳಕು ಹರಿಯೋದೇ ತಡ, ಆ ವಾನ್ನಾ ಬಾಗಿಲಲ್ಲಿ ನಿಂತಿರ್ತಿದ್ಲು, ಕೈಯಲ್ಲಿ ಚಮಚ. ಇನ್ನೊಂಚೂರು ಅಜ್ಜಿ, ಊರಿಗೆ ಹೆಸರು ಬರುತ್ತೆ, ನಿಮಗೆ ಪುಣ್ಯ ಬರುತ್ತೆ ಅಂತಾಳೆ. ನಾನೇನು ಎಮ್ಮೆನಾ? ಸೀಬೆ ತಿಂದು ತಿಂದು ಹಲ್ಲು ಜುಮ್ ಅಂತಿದೆ."

ನಗಬೇಕೋ ವಾಂತಿ ಮಾಡಬೇಕೋ ಥೊಂಗ್‌ಪಾನ್‌ಗೆ ತಿಳಿಯಲಿಲ್ಲ. ಆ ಡಬ್ಬಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಕುಲುಕದಂತೆ ಬೈಕಿನಲ್ಲಿ ಸಾಗಿಸಿದವನು ಅವನೇ. ಅಪ್ಪನನ್ನು ತಿಂದ ರೋಗವನ್ನು ಹಿಡಿಯುತ್ತಿದ್ದೇನೆ ಎಂದುಕೊಂಡು ದಾರಿಯುದ್ದಕ್ಕೂ ಎದೆಯುಬ್ಬಿಸಿಕೊಂಡು ಹೋಗಿದ್ದ. ಹೊತ್ತದ್ದು ಮಾತ್ರ ಒಬ್ಬ ಮುದುಕಿಯ ಹೇಲು.

ವಾನ್ನಾ ಸ್ವಯಂಸೇವಕರಿಗೆಲ್ಲ ಹಿರಿಯಳು. ಅಂಗಳದಲ್ಲಿ ಜಿಗುಟಕ್ಕಿ ತೊಳೆಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಏನು ಮಾಡ್ಲಿ ಹೇಳು? ಡಬ್ಬಿ ಕೊಟ್ರೆ ಜನ ನಾಚಿಕೆ ಪಟ್ಕೊಂಡು ಖಾಲಿ ವಾಪಸ್ ಕೊಡ್ತಾರೆ. ಖಾಲಿ ಡಬ್ಬಿ ಕಳಿಸಿ ಮರ್ಯಾದೆ ಕಳ್ಕೊಳ್ಲಾ?"

"ಅದಕ್ಕೆ ಊರಿಗೆಲ್ಲ ಅಜ್ಜಿದೇ ಹಂಚಿದ್ರಾ ಅಕ್ಕ? ನಮ್ಮಣ್ಣನ ಹೆಸರಿನ ಡಬ್ಬಿಗೂ?"

"ನಿಮ್ಮಣ್ಣಂಗೆ ಒಳ್ಳೇದೇ ಆಯ್ತಲ್ಲ, ಏನಿಲ್ಲ ಅಂತ ಬಂತು. ಅಲ್ಲದೆ ನಿಂಬೆಹುಳಿ ಬಿದ್ದು ಬೆಳ್ಳಗಾದ ಮೇಲೆ ಅದನ್ನ ಹಸಿ ಅಂತಾರೇನೋ? ಬೆಂದ ಹಾಗೇ ಅಲ್ವಾ?"

ಥೊಂಗ್‌ಪಾನ್ ಅವಳ ಮುಂದೆಯೇ ನೆಲಕ್ಕೆ ಉಗಿದು ಹೊರಟ.

ಸಂಗತಿ ಕೇಳಿ ಜಿಂತನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ತೊಂಬತ್ತೂ ಸುಳ್ಳು ಎಂದು ಮೇಲಕ್ಕೆ ಬರೆದರೆ ಮೂರು ತಿಂಗಳ ವಿಚಾರಣೆ, ಅಷ್ಟರಲ್ಲಿ ವ್ಯಾನ್ ತನ್ನ ಸುತ್ತು ಮುಗಿಸಿರುತ್ತದೆ. "ಒಂದು ದಾರಿ ಇದೆ," ಅಂದಳು. "ತೊಂಬತ್ತರಲ್ಲಿ ಒಂಬತ್ತು ಆದ್ರೆ ನೂರಕ್ಕೆ ಹತ್ತು. ಗುರುವಾರ ನಾಲ್ಕು ಗಂಟೆಗೆ ಕೊನೇ ಪಟ್ಟಿ ಕಳಿಸ್ತೀನಿ. ಅಷ್ಟರೊಳಗೆ ಮೊಟ್ಟೆ ಇರೋ ಒಂಬತ್ತು ಡಬ್ಬಿ ತಂದುಕೊಡು. ಅವರ ಹೆಸರಿನ ಮುಂದಿನ ಸೊನ್ನೆ ನಾನೇ ತಿದ್ದುತೀನಿ. ವ್ಯಾನ್ ಬರ್ಲೇಬೇಕಾಗುತ್ತೆ."

ಮೊದಲ ಡಬ್ಬಿ ಅವನು ತನ್ನದೇ ಕೊಟ್ಟ. ಅಪ್ಪ ಸತ್ತ ದಿನದಿಂದ ಕೋಯ್ ಮುಟ್ಟದವನು, ತನ್ನದರಲ್ಲಿ ಏನೂ ಇರದು ಎಂದುಕೊಂಡಿದ್ದ. ಜಿಂತನಾ ಕರೆದು ಮೈಕ್ರೋಸ್ಕೋಪಿನಲ್ಲಿ ಇಣುಕಲು ಹೇಳಿದಳು. ಗಾಜಿನೊಳಗೆ ಕಂದು ಬಣ್ಣದ ಚಿಕ್ಕ ಚಿಕ್ಕ ಕಾಳುಗಳು, ಕರೆಂಟ್ ಬಲ್ಬಿನ ಆಕಾರ. ಒಂದಲ್ಲ, ಏಳು. ಅವಳು ಕೊಟ್ಟ ಮಾತ್ರೆಯನ್ನು ನೀರಿಲ್ಲದೆ ನುಂಗಿದ. ದಿನವಿಡೀ ತನ್ನ ಮೈಯೇ ತನಗೆ ಎಂಜಲೆಲೆಯಂತೆ ಅನಿಸಿತು.

ಎರಡು ದಿನ ಮನೆಮನೆ ಅಲೆದ.

"ಏನೋ ಥೊಂಗ್‌ಪಾನ್, ಹೇಲಿನ ವ್ಯಾಪಾರಕ್ಕಿಳಿದಿದ್ದೀಯಂತೆ? ಕಿಲೋ ಹೆಂಗೆ?"

"ನಮ್ಮನೆದು ಮೇಲ್ದರ್ಜೆ ಕಣಪ್ಪ, ಅಗ್ಗಕ್ಕೆ ಕೊಡಲ್ಲ!"

ಒಬ್ಬ ಎಮ್ಮೆ ಸಗಣಿ ತುಂಬಿ ಕೊಟ್ಟ. ಇನ್ನೊಬ್ಬ ಕೆಸರು ತುಂಬಿ, ಥೊಂಗ್‌ಪಾನ್ ಮೂಸಿ ನೋಡಿದ್ದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನ ಹೆಂಡತಿ ಹಿತ್ತಲಿನಿಂದ ಬಂದು, ಸೆರಗಿನಡಿಯಿಂದ ನಿಜವಾದ ಡಬ್ಬಿ ತೆಗೆದು ಕೈಗಿಟ್ಟು ಹೋದಳು. ಹೆಚ್ಚಾಗಿ ಕೊಟ್ಟವರು ಹೆಂಗಸರೇ. ಗುರುವಾರ ಮಧ್ಯಾಹ್ನದ ಹೊತ್ತಿಗೆ ತನ್ನದೂ ಸೇರಿ ಅವನು ತಂದದ್ದು ಹದಿಮೂರು, ಮೊಟ್ಟೆ ಸಿಕ್ಕಿದ್ದು ಎಂಟರಲ್ಲಿ. ಒಂದು ಕಡಿಮೆ.

ಊರ ಬಾಯಲ್ಲಿ ಅಷ್ಟರಲ್ಲಿ ಹೊಸ ಬೋರ್ಡ್ ನಿಂತಿತ್ತು. ಜಿಲ್ಲೆಯಿಂದ ಬಂದ ಸಾಹೇಬ ಭಾಷಣ ಮಾಡಿ, ವಾನ್ನಾಳ ಕೊರಳಿಗೆ ಹಾರ ಹಾಕಿ, ಊಟಕ್ಕೆಂದು ಊರ ಯಜಮಾನನ ಮನೆಗೆ ಹೋಗಿದ್ದ. ಖಾಲಿ ಡಬ್ಬಿ ಹಿಡಿದು, ಅಣ್ಣನನ್ನು ಹುಡುಕಿಕೊಂಡು ಥೊಂಗ್‌ಪಾನ್ ಆ ಮನೆಯ ಹಿತ್ತಲಿನಿಂದ ಒಳಹೊಕ್ಕ. ಬಾವಿಕಟ್ಟೆಯ ಪಕ್ಕ ಹುಣಸೆ ಕೊರಡಿನ ಮೇಲೆ ಎರಡು ಕತ್ತಿಗಳು ಒಂದೇ ಸಮ ಬೀಳುತ್ತಿದ್ದವು. ಸೀಲಾ ಮೀನು ಕೊಚ್ಚುತ್ತಿದ್ದ. ಆ ಊರಿನಲ್ಲಿ ಅವನಷ್ಟು ನುಣ್ಣಗೆ ಕೋಯ್ ಕೊಚ್ಚುವವರು ಇರಲಿಲ್ಲ.

ಒಳಗಿನಿಂದ ಸಾಹೇಬನ ದನಿ ಬಂತು: "ಯಜಮಾನ್ರೇ, ನಿಂಬೆಹುಳಿ ಇನ್ನೊಂಚೂರು ಮುಂದಿರ್ಲಿ!"

"ಥೂ," ಅಂದ ಥೊಂಗ್‌ಪಾನ್. "ಬೋರ್ಡ್ ಹಾಕಿ ಇನ್ನೂ ಒಂದು ತಾಸಾಗಿಲ್ಲ, ಆಗಲೇ ತಿಂತಾ ಇದಾನಲ್ಲ ನಿನ್ನ ಸಾಹೇಬ. ಬಡಿಸೋನು ನೀನು. ಅಪ್ಪನ್ನ ಸುಟ್ಟಿದ್ದು ಮರೆತುಹೋಯ್ತಾ?"

"ಮೆಲ್ಲಗೆ ಮಾತಾಡೋ," ಅಂದ ಸೀಲಾ.

ಅಷ್ಟರಲ್ಲಿ ಯಜಮಾನ ಬಾಗಿಲಿಗೆ ಬಂದ. "ಲೇ, ಆ ದರಿದ್ರದ ಡಬ್ಬಿ ಹಿಡ್ಕೊಂಡು ಅಡುಗೆ ಜಾಗಕ್ಕೆ ಬರ್ತೀಯಾ? ಆಚೆ ನಡಿ. ಊರಿಗೆ ಹೆಸರು ಬಂದ ದಿನ ಕಣೋ ಇದು."

"ನಿಮ್ಮ ಹೆಸರಿಗೆ ಬೆಂಕಿ ಬೀಳ. ಒಳಗೆ ಹೋಗಿ ತಿನ್ನಿ ಯಜಮಾನ್ರೇ, ಹುಳ ಕಾಯ್ತಿದೆ."

ಯಜಮಾನ ಕೈ ಎತ್ತಿದ. ಆದರೆ ಸೀಲಾನ ಕೈಯಲ್ಲಿದ್ದ ಕತ್ತಿ ಅಲ್ಲಿಯೇ ನಿಂತದ್ದನ್ನು ಕಂಡು ಏನನ್ನಿಸಿತೋ, ಗೊಣಗುತ್ತ ಒಳಗೆ ಹೋದ.

ಥೊಂಗ್‌ಪಾನ್ ಅಣ್ಣನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದ. ಕಣ್ಣಿನ ಬಿಳಿ ಭಾಗದ ಅಂಚಿನಲ್ಲಿ ತೆಳ್ಳಗೆ ಹಳದಿ.

"ಕನ್ನಡಿ ತರ್ಲಾ?"

"ಬೇಡ." ಸೀಲಾ ಗದ್ದ ಬಿಡಿಸಿಕೊಂಡ. "ನೋಡಿದೀನಿ. ಹತ್ತು ದಿನ ಆಯ್ತು."

"ಗೊತ್ತಿದ್ದೂ..."

"ನನ್ನ ಹೆಸರಿನ ಮುಂದೆ ಏನೂ ಇಲ್ಲ ಅಂತ ಬಂತಲ್ಲೋ. ಆ ಚೀಟಿ ಜೇಬಲ್ಲೇ ಇಟ್ಕೊಂಡಿದ್ದೆ. ನಾನು ಡಬ್ಬಿ ಕೊಟ್ಟಿಲ್ಲ ಅಂತ ನನಗೆ ಗೊತ್ತು. ಆದ್ರೂ ಬೆಳಿಗ್ಗೆ ಎದ್ದು ಅದನ್ನೇ ಓದ್ತಿದ್ದೆ. ಡಾಕ್ಟ್ರು ರುಜು ಹಾಕಿದಾರೆ, ಸುಳ್ಳು ಇರಲಾರದು ಅಂತ."

ವಾನ್ನಾಳ ಚಮಚ, ಸಾಹೇಬನ ನಾಲಿಗೆ, ಯಜಮಾನನ ಮರ್ಯಾದೆ, ಇವಕ್ಕೆಲ್ಲ ಉಗಿಯಲು ಥೊಂಗ್‌ಪಾನ್‌ನ ಬಾಯಲ್ಲಿ ಎಂಜಲಿತ್ತು. ಇದಕ್ಕೆ ಇರಲಿಲ್ಲ.

"ಎಂಟಾಗಿದೆ ಅಣ್ಣ. ಇನ್ನೊಂದು ಬೇಕು, ಆಗ ವ್ಯಾನ್ ಬರುತ್ತೆ. ಮೂರು ಗಂಟೆ ಆಗ್ತಾ ಬಂತು."

ಸೀಲಾ ಕತ್ತಿಗಳನ್ನು ಕೊರಡಿನ ಮೇಲೆ ಇಟ್ಟ. ಒಳಗಿನಿಂದ ಇನ್ನೊಂದು ತಟ್ಟೆಗೆ ಕೂಗು ಬಂತು. ಅವನು ಕೊಚ್ಚಿದ ಮೀನನ್ನು ಎರಡೂ ಕೈಯಲ್ಲಿ ಬಳಿದು ಯಜಮಾನನ ಹಂದಿಗೂಡಿನ ಕಡೆ ಎಸೆಯಲು ಹೋಗಿ, ನಿಂತು, ಹಂದಿಗೂ ಬೇಡವೆನಿಸಿತೋ ಏನೋ, ಉರಿಯುವ ಒಲೆಗೇ ಸುರಿದ. ಚುಂಯ್ ಎಂದು ಹೊಗೆ ಎದ್ದಿತು. ಕೈಯನ್ನು ಬೂದಿ ಹಾಕಿ ಉಜ್ಜಿ, ಮೂರು ಸಲ ತೊಳೆದುಕೊಂಡು ಚಾಚಿದ.

"ಕೊಡು ಆ ಡಬ್ಬಿ."

ಯಜಮಾನನ ಹಿತ್ತಲಿನ ಪಾಯಿಖಾನೆಗೆ ಚಿಲಕವಿರಲಿಲ್ಲ. ಸೀಲಾ ಒಳಗೆ ಹೋದ, ಥೊಂಗ್‌ಪಾನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಅಲ್ಲೇ ನಿಂತಿರ್ತೀಯೇನೋ? ದೂರ ಹೋಗೋ, ಬರಲ್ಲ ನನಗೆ."

"ಹೋಗಲ್ಲ."

"ನಾತ ಹೊಡೆಯುತ್ತೆ."

"ಹೊಡೀಲಿ. ಅವಸರ ಮಾಡ್ಬೇಡ, ಬೈಕಲ್ಲಿ ಹತ್ತೇ ನಿಮಿಷ."

ಮನೆಯೊಳಗೆ ಸಾಹೇಬ ಯಾವುದಕ್ಕೋ ಗಹಗಹಿಸಿ ನಕ್ಕ. ಡಬ್ಬಿಯ ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸುತ್ತ, ಥೊಂಗ್‌ಪಾನ್ ಕಾದ.