ಪ್ಲಮ್ ಕದ್ದವರ ಗತಿ

ಇಂಗ್ಲೆಂಡಿನ ಲಡ್ಲೋ ಪಟ್ಟಣದ ನೀತಿವಂತರೆಲ್ಲ ಎದೆ ಗಟ್ಟಿಮಾಡಿಕೊಂಡು ಕೇಳಬೇಕಾದ ಸಂಗತಿಯಿದು: ಭಾನುವಾರ, ಅದೂ ಚರ್ಚಿನ ಗಂಟೆ ಹೊಡೆಯುತ್ತಿದ್ದಾಗಲೇ, ಮಿಸ್ ಡೋರ್ಕಸ್ ಪೆಲ್ ಅವರ ಹಿತ್ತಿಲಿನಿಂದ ಒಂದು ಪ್ಲಮ್ ಹಣ್ಣು ಕಾಣೆಯಾಯಿತು.

ಮಿಸ್ ಪೆಲ್ ಮಕ್ಕಳಿಗೆ ನೀತಿಕಥೆ ಬರೆಯುವವರು. ಧರ್ಮಪ್ರಚಾರದ ಸಂಘವೊಂದು ಅವನ್ನು ಅಚ್ಚುಹಾಕಿಸಿ ಶಾಲೆಗಳಿಗೆ ಹಂಚುತ್ತಿತ್ತು. ಆಸೆಪಟ್ಟು ದುಡ್ಡು ಕೊಟ್ಟು ಕೊಂಡವರನ್ನು ಯಾರೂ ಕಂಡಿರಲಿಲ್ಲ. ಕದ್ದವರು, ಸುಳ್ಳಾಡಿದವರು ಕೊನೆಯ ಅಧ್ಯಾಯದಲ್ಲಿ ಜ್ವರ ಹಿಡಿದು, ಎಲ್ಲರ ಕ್ಷಮೆ ಕೇಳಿ, ಅಚ್ಚುಕಟ್ಟಾಗಿ ಸಾಯುತ್ತಿದ್ದರು. ಸ್ವತಃ ಮಿಸ್ ಪೆಲ್ ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವರಲ್ಲ. ಊಟಕ್ಕೆ ಕರೆದವರ ಪುಡಿಂಗನ್ನು ಸಹ ಸುಮ್ಮಸುಮ್ಮನೆ ಹೊಗಳಿದವರಲ್ಲ. ಹಾಗಾಗಿ ಕರೆಯುವವರೂ ಕಡಿಮೆಯಾಗಿದ್ದರು.

ಗುರುವಾರ ಅಡುಗೆಯ ಕೆಜಾಯಾ ಬಾಗಿಲಲ್ಲಿ ಬಂದು ನಿಂತಳು. ಅವಳ ಮಗಳು ಟ್ಯಾಬಿ ಅಟ್ಟದ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದಳು.

“ಸಾರು ಬಾಯಿಗೇ ಹಾಕ್ಕೊಳ್ತಿಲ್ಲ, ಅಮ್ಮಾವ್ರೆ. ಹೊಟ್ಟೆಗೆ ಏನಾದ್ರೂ ಬಿದ್ರೆ ಉಳ್ಕೋತಾಳೆ ಅಂದ್ರು ಡಾಕ್ಟ್ರು. ಇವಳು ನೋಡಿದ್ರೆ, ಪ್ಲಮ್ ತಿಂದಿದ್ದು ನಾನೇ, ಸೂಸನ್ ಥರ ಸಾಯ್ಲೇಬೇಕು ಅಂತಾಳೆ.”

“ಯಾವ ಸೂಸನ್?”

“ನಿಮ್ಮ ಕಥೆಯ ಸೂಸನ್ನೇ, ಪ್ಲಮ್ ಕದ್ದು ಸತ್ತವಳು! ಕ್ರಿಸ್‌ಮಸ್ಸಿಗೆ ಪುಸ್ತಕ ಕೊಟ್ರಲ್ಲ. ಒಂದು ಗೊಂಬೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?”

“ಅದು ಬರೀ ಕಥೆ ಅಂತ ಹೇಳು.”

“ಹೇಳ್ದೆ. ಅಮ್ಮಾವ್ರು ಸುಳ್ಳು ಬರೆಯಲ್ಲ ಅಂತಾಳೆ.”

ಮಿಸ್ ಪೆಲ್ ಅಟ್ಟ ಹತ್ತಿದರು. ಹುಡುಗಿಯ ತುಟಿ ಒಣಗಿತ್ತು. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು.

“ಟ್ಯಾಬಿ, ನಿನ್ನನ್ನ ಕ್ಷಮಿಸಿದ್ದೀನಿ.”

“ಸೂಸನ್ನನ್ನೂ ಕ್ಷಮಿಸಿದ್ರು, ಅಮ್ಮಾವ್ರೆ. ಆಮೇಲೇ ಸತ್ತಿದ್ದು.”

ತಾವೇ ಬರೆದದ್ದು, ವಾದಿಸುವಂತಿರಲಿಲ್ಲ. ಮಿಸ್ ಪೆಲ್ ಪುಸ್ತಕ ತೆಗೆದು, ಕೊನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದರಲ್ಲಿ ಒಂದು ಪುಟ ಕಮ್ಮಿ ಇದೆಯಲ್ಲ! ಅಚ್ಚಿನವರು ಬಿಟ್ಟುಬಿಟ್ಟಿದ್ದಾರೆ.”

“ಅದ್ರಲ್ಲಿ ಏನಿತ್ತು?”

“ಸತ್ತಳು ಅಂತ ಎಲ್ಲರೂ ಅಂದ್ಕೊಂಡ್ರು. ಸೂಸನ್ ಕಣ್ಣು ಬಿಟ್ಟಳು.”

“ಶವದ ಪೆಟ್ಟಿಗೆ ತಂದಿದ್ರಲ್ಲ?”

“ವಾಪಸ್ ಕಳಿಸಿದ್ರು. ಹಸಿವು ಅಂದಳು. ಸಾರು ಕೊಟ್ರು.”

“ಬರೀ ಸಾರಾ?”

“ಆಮೇಲೆ ಪ್ಲಮ್ ಜಾಮೂ ತಿಂದಳು.”

“ಭಾನುವಾರಾನಾ?”

ಮಿಸ್ ಪೆಲ್ ಪುಸ್ತಕ ಮುಚ್ಚಿದರು. “ಭಾನುವಾರವೇ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಬಾಗಿಲಲ್ಲಿ ನಿಂತಿದ್ದ ಕೆಜಾಯಾ ಅವರ ಮುಖ ನೋಡದೆ ಸಾರು ತರಲು ಕೆಳಗಿಳಿದಳು.

ಸುಳ್ಳು ಹೇಳಿ ಕೆಟ್ಟ ಹುಡುಗನ ಕಥೆಯೊಂದು ಮಿಸ್ ಪೆಲ್ ಅವರ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಅದನ್ನು ಅವರು ಮುಗಿಸಲಿಲ್ಲ. ಟ್ಯಾಬಿ ಸಾರು ಕುಡಿದಳು.